ನಲವತ್ತಮೂರನೆಯ ಮನೆ

ತಾರ್ತು ಊರಿನಲ್ಲಿ ಮಾರ್ಚಿ ಮುಗಿದರೂ ಹಿಮ.
ಎಮಾಯೋಗಿ ಹೊಳೆ ಅರ್ಧ ಕಣ್ಣು ಬಿಟ್ಟು
ಮತ್ತೆ ಮಂಜುಗಡ್ಡೆ ಹೊದ್ದು ಮಲಗಿದೆ.
ಮೂರನೇ ಮಹಡಿಯಲ್ಲಿ ವಿರ್ವೆ ಕುಕ್
ಸತ್ತವನ ಬೆರಳುಗಳನ್ನು ಅಳೆಯುತ್ತಿದ್ದಾಳೆ.

ಪರದೆಯ ಮೇಲೆ ಸದ್ದಿನ ಗುಡ್ಡಸಾಲು.
ಸ್ವರಕ್ಕೊಂದು ಶಿಖರ, ಶಿಖರಕ್ಕೊಂದು ಮೊಳೆ,
ಮೊಳೆಯಿಂದ ಮೊಳೆಗೆ ಎಷ್ಟು ದೂರ
ಸೆಕೆಂಡಿನ ಸಾವಿರ ಚೂರುಗಳಲ್ಲಿ ಬರೆದಿಡುತ್ತಾಳೆ.
ಎಡಗೈಗೆ ಮೂರರ ಹೆಜ್ಜೆ, ಬಲಗೈಗೆ ನಾಲ್ಕರದು;
ಹನ್ನೆರಡಕ್ಕೊಮ್ಮೆ ಎದುರಾಗಿ
ಗುರುತಿಲ್ಲದವರ ಹಾಗೆ ದಾಟಿ ಹೋಗುತ್ತವೆ.

ಗೆರೆಯಿಂದ ಗೆರೆಗೆ ಒಂದೊಂದು ಮನೆ.
ಒಟ್ಟು ತೊಂಬತ್ತಾರು. ದೊಡ್ಡ ಊರೇನಲ್ಲ,
ಒಳಗಿರುವವರೆಲ್ಲ ಗೊತ್ತು ಅವಳಿಗೆ.
ಹನ್ನೊಂದರಲ್ಲಿ ಷಡ್ಜ ತೌರು ಬಿಟ್ಟು
ಪಂಚಮದ ಬಾಗಿಲು ತಟ್ಟುತ್ತದೆ.
ಇಪ್ಪತ್ತೆಂಟರಲ್ಲಿ ಕೋಮಲ ಗಾಂಧಾರವೊಂದು
ಹೇಳದೆ ಕೇಳದೆ ಬಂದು ಕೂರುತ್ತದೆ;
ಅಲ್ಲಿಂದಾಚೆ ದೀಪ ಸಣ್ಣದು.
ಎಲ್ಲಕ್ಕೂ ಕಾರಣವಿದೆ. ಕಾರಣಕ್ಕೊಂದು ಬಣ್ಣದ ಪೆನ್ಸಿಲ್ಲಿದೆ.

ನಲವತ್ತಮೂರರ ಹೊಸ್ತಿಲಲ್ಲಿ ಮಾತ್ರ
ಓಸ್ವಾಲ್ಡ್ ಸಾರ್ನಿಟ್ ನಿಲ್ಲುತ್ತಾನೆ.
ನಾನೂರ ಹತ್ತು ಚೂರು.
ಲಘುವಲ್ಲ, ಗುರುವಲ್ಲ,
ದೂರ ಹೋದವರನ್ನು ಕೂಗುವಾಗ
ಹೆಸರಿನ ಕೊನೆ ಎಳೆಯುತ್ತೇವಲ್ಲ, ಅಂಥ ಪ್ಲುತ,
ಕೂಗು ಮಾತ್ರ ಇಲ್ಲ.

ನಿಲ್ಲುವ ಜಾಗವೇ ಅಲ್ಲ ಅದು.
ರಾಗ ಮೆಟ್ಟಿಲೇರುತ್ತಿದೆ, ಒಂದು ಕಾಲು ಗಾಳಿಯಲ್ಲಿದೆ.

ಐದು ವರ್ಷದ ಹಿಂದೆ ವಿರ್ವೆ ಲೇಖನ ಬರೆದಳು:
ಒಂಬತ್ತು ಮನೆ ಆಚೆ ಶ್ರುತಿ ಬದಲಾಗುವುದನ್ನು
ಲಯ ಮೊದಲೇ ಮೂಸಿ ನೋಡುತ್ತದೆ ಎಂದು.
ಹೆಲ್ಸಿಂಕಿಯಲ್ಲಿ ತಲೆಗಳು ಆಡಿದವು.
ರೀಗಾದವನೊಬ್ಬ ಅಡಿಟಿಪ್ಪಣಿಯಲ್ಲಿ ಕಚ್ಚಿದ:
ಏನಿಲ್ಲ, ನಾಲ್ಕನೇ ಬೆರಳು ದುರ್ಬಲ.

ವಾಲ್ಗಾಕ್ಕೆ ಅವಳು ಹೋದದ್ದು ಬೇರೆಯದೇ ಕೇಳಲು,
ಆ ಕಾಲದ ಪಿಯಾನೋ ಯಾವ ಕಾರ್ಖಾನೆಯದು ಅಂತ.
ಲೇಯ್ದ ಪಿಹ್ಲಾಪ್, ರೈಲ್ವೆಯಲ್ಲಿ ಟಿಕೆಟು ಹರಿದವಳು,
ಎಪ್ಪತ್ತು ದಾಟಿದವಳು,
ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತ ಅಂದಳು:
"ಓ, ಆ ಪುಟವಾ?

ನನಗಾಗ ಒಂಬತ್ತು. ಹಾಳೆ ಮಗುಚುವ ಕೆಲಸ.
ಕುರ್ಚಿ ಎತ್ತರ, ನಾನು ಗಿಡ್ಡ.
ಧುಮುಕಿ, ಎರಡು ಹೆಜ್ಜೆ ಇಟ್ಟು,
ಎಂಜಲು ಬೆರಳಲ್ಲಿ ಮೂಲೆ ಹಿಡಿಯಬೇಕು.
ಒಮ್ಮೆ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟೆ,
ಸಭೆಯಲ್ಲಿ ಯಾರೋ ನಕ್ಕರು.
ಆಮೇಲೆ ಅವರು ಕಾಯುತ್ತಿದ್ದರು.
ನನ್ನ ಕಡೆ ನೋಡುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದರು."

ವಿರ್ವೆಯ ಬಳಿ ಇರುವುದು ಹೊಸ ಮುದ್ರಣ.
ಅದರಲ್ಲಿ ಆ ಮನೆ ಪುಟದ ನಟ್ಟನಡುವೆ.

ಹಾಗಾದರೆ ಎಪ್ಪತ್ತೊಂಬತ್ತರ ಧ್ವನಿಮುದ್ರಿಕೆ?
ಆಗ ಅವನ ಮುಂದೆ ಕಾಗದವೇ ಇಲ್ಲ, ಎಲ್ಲ ಬಾಯಿಪಾಠ.
ಲೇಯ್ದ ಇಲ್ಲಿ, ಕಿಟಕಿಯ ಹಿಂದೆ, ಚಿಲ್ಲರೆ ಎಣಿಸುತ್ತಿದ್ದಳು.
ಆದರೂ ಹೊಸ್ತಿಲಲ್ಲಿ ನಿಂತಿದ್ದಾನೆ:
ನಾನೂರ ಹದಿನೆಂಟು. ಎಂಟು ಚೂರು ಹೆಚ್ಚೇ.

ವಿರ್ವೆ ಇದನ್ನು ಹೇಳಲಿಲ್ಲ. ಫೋನಿನಲ್ಲಿ ಹಾಕಿದಳು.
ಲೇಯ್ದ ಎಂದೂ ಕೇಳಿರದ ಮುದ್ರಿಕೆ.
ಕಾಫಿ ಆರಿತು. ಮೂವತ್ತೊಂಬತ್ತು, ನಲವತ್ತು,
ಎಡಗೈ ಮೂರು, ಬಲಗೈ ನಾಲ್ಕು,
ನಲವತ್ತೆರಡರ ಕೊನೆಗೆ ಮುದುಕಿಯ ತೋರುಬೆರಳು
ತಾನಾಗಿ ತುಟಿಗೆ ಹೋಯಿತು.

ಹಿಂದಿರುಗುವ ರೈಲಿನಲ್ಲಿ, ಎಲ್ವಾ ನಿಲ್ದಾಣ ದಾಟಿದ ಮೇಲೆ,
ಮಡಿಲ ಮೇಲೆ ಪಟ್ಟಿ ತೆರೆದಳು.
ಶ್ರುತಿ, ಲಯ, ತೂಕ, ಕಾಲ, ಎಲ್ಲ ತುಂಬಿದೆ.
'ಕಾರಣ' ಎಂಬಲ್ಲಿ ಹಳೆಯದನ್ನು ಉಜ್ಜಿದಳು.
ರೀಗಾದವನ ಬೆರಳೂ ಸುಳ್ಳಿರಲಾರದು.
ಆಧಾರ ಎಲ್ಲಿ ಎಂದು ಪರಿಶೀಲಕರು ಕೇಳೇ ಕೇಳುತ್ತಾರೆ.
ಕೇಳಲಿ.
ರೈಲಿನ ಕುಲುಕಿಗೆ ಸೊಟ್ಟಗೆ ಬರೆದಳು:
ಕುರ್ಚಿ ಎತ್ತರವಿತ್ತು.
ಮತ್ತೆ ನಲವತ್ತನಾಲ್ಕಕ್ಕೆ ಹೋದಳು.