ಹಂಚಿನ ಒಳಮೈ

ನಾನು ಮೊದಲು ಓದಿದ್ದು ಪುಸ್ತಕವನ್ನಲ್ಲ, ಮಾಡನ್ನು.
ಆರನೇ ವರ್ಷ, ಕೋಟಲೆ ಜ್ವರ,
ಜೆಪ್ಪುವಿನ ಮನೆಯಲ್ಲಿ ಅಂಗಾತ ಮಲಗಿ
ಪಕ್ಕಾಸುಗಳ ನಡುವೆ ಕಣ್ಣಾಡಿಸಿದರೆ
ಹೊಗೆ ಹಿಡಿದ ಹಂಚಿನ ಒಳಮೈ ತುಂಬ
ಅಚ್ಚೊತ್ತಿದ ಐದು ಇಂಗ್ಲಿಷ್ ಅಕ್ಷರ.
ಅಪ್ಪ ಬೆರಳೆತ್ತಿ ಕೂಡಿಸಿ ಕೊಟ್ಟರು: ಬಾಸೆಲ್.

ಹಾಗೆಂದರೆ ಹಂಚು ಅಂತಲೇ ತಿಳಿದಿದ್ದೆ ತುಂಬಾ ದಿನ.
ಆಟಿಯ ಮಳೆಗೆ ಸೋರಿದರೆ
"ಅಮ್ಮಾ, ಬಾಸೆಲ್ ಒಡೆದಿದೆ" ಎಂದು ಕೂಗುತ್ತಿದ್ದೆ.
ಎಲ್ಲರೂ ನಕ್ಕರು. ಯಾರೂ ತಿದ್ದಲಿಲ್ಲ.

ಐವತ್ತೆಂಟಕ್ಕೆ ಆ ಊರಿಗೆ ಹೋಗಿ ಬಂದೆ.
ಸಭೆಯ ಸ್ತ್ರೀಸಂಘದ ಹನ್ನೊಂದು ಮಂದಿ,
ಸೀರೆಯ ಕೆಳಗೆ ಗಂಡಂದಿರ ಕಾಲುಚೀಲ,
ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳ.
ಆಗಮನ ಕಾಲದ ಮೊದಲ ಆದಿತ್ಯವಾರ.
ನಾಲ್ಕು ಬತ್ತಿಯಲ್ಲಿ ಒಂದನ್ನೇ ಹಚ್ಚಿದ್ದರು;
ಮಿಕ್ಕವು ಮೈ ಬಿಗಿದು ಕಾಯುತ್ತಿದ್ದವು, ನಮ್ಮ ಹಾಗೆ.

ರೈನ್ ಹೊಳೆಯ ಬದಿಯಲ್ಲಿ, ಹಲ್ಲು ಕಟಕಟ ಎನ್ನುವಾಗ,
ದಯಾಮಣಿ ಸಾಲಿನ್ಸ್ ಮಾತ್ರ ಬಾಯಿ ಬಿಟ್ಟಳು:
"ನಮ್ಮ ನೇತ್ರಾವತಿಯ ಅರ್ಧವೂ ಇಲ್ಲ ಮಾರಾಯ್ತಿ."

ನಾಲ್ಕೂವರೆಗೇ ಕತ್ತಲು.
ಮರದ ಗೂಡಂಗಡಿಗಳ ಸಾಲಿಗೆ ದೀಪ ಬಂತು.
ಪಾಕದಲ್ಲಿ ಹುರಿದ ಬಾದಾಮಿಯನ್ನು ಕಾಗದದಲ್ಲಿ ಸುತ್ತಿಕೊಟ್ಟರು,
ಕದ್ರಿ ಪಾರ್ಕಿನ ನೆಲಗಡಲೆ ಪೊಟ್ಟಣದ ಹಾಗೆಯೇ;
ಕ್ರಯವನ್ನು ಮಾತ್ರ ನೂರರಿಂದ ಗುಣಿಸಬೇಕು.
ನಕ್ಷತ್ರ ಮಾರುವ ಮುದುಕ ಕೇಳಿದ, ಎಲ್ಲಿಂದ?
ಮಂಗಳೂರು ಎಂದೆ. ತಿಳಿಯಲಿಲ್ಲ.
ನಿಮ್ಮ ಊರಿನ ಹೆಸರು ನಮ್ಮ ಮನೆಯ ಮೇಲೆ
ಎರಡು ಸಾವಿರದ ಮುನ್ನೂರು ಸಲ ಇದೆ ಎಂದೆ.
ನನ್ನ ಇಂಗ್ಲಿಷು ಎಲ್ಲಿ ಜಾರಿತೋ,
ಅವನು ತಲೆಯಾಡಿಸಿ ಇನ್ನೊಂದು ನಕ್ಷತ್ರ ತೋರಿಸಿದ,
ಸ್ವಲ್ಪ ಅಗ್ಗದ್ದು.

ಮರುದಿನ ಮಿಷನ್ ಮನೆಯಲ್ಲಿ
ಬಿಳಿ ಗವಸು ತೊಟ್ಟ ಹುಡುಗಿ ಒಂದು ಪಟ ತಂದಿಟ್ಟಳು.
ಕಾರ್ಖಾನೆಯ ಅಂಗಳ. ಕುರ್ಚಿಯಲ್ಲಿ ದೊರೆಗಳು,
ಕೆಳಗೆ ದುಂಡಗಿನ ಅಕ್ಷರದಲ್ಲಿ ಅವರವರ ಹೆಸರು.
ಹಿಂದೆ, ತಲೆಯ ಮೇಲೆ ಹಸಿಮಣ್ಣಿನ ಬುಟ್ಟಿ ಹೊತ್ತವರಿಗೆ
ಎಲ್ಲರಿಗೂ ಸೇರಿ ಒಂದೇ ಸಾಲು: ಕೂಲಿ ಹೆಂಗಸರು, ಹದಿನಾಲ್ಕು.
ಅದರಲ್ಲಿ ನನ್ನ ಪಿಜ್ಜಿ ಮಿರ್ಯಾಮ ಇದ್ದಾಳೋ ಇಲ್ಲವೋ.
ಮೂರನೆಯವಳು ಒಂದೇ ಕಾಲಿಗೆ ಭಾರ ಕೊಟ್ಟು ನಿಂತದ್ದು
ನನ್ನ ತಂಗಿಯ ಹಾಗೆ.
ಏಳನೆಯವಳು ಬಿಸಿಲಿಗೆ ಗಂಟಿಕ್ಕಿದ ಮುಖ
ನನ್ನ ಆಧಾರ್ ಕಾರ್ಡು.
"ಯಾರಾದರೂ ಸಿಕ್ಕಿದರಾ?" ಎಂದಳು ಹುಡುಗಿ.
ಹದಿನಾಲ್ಕೂ ಮಂದಿ ಎಂದೆ.

ನಿನ್ನೆ ಬಜ್ಪೆಯಲ್ಲಿ ಇಳಿದರೆ
ಸೆಕೆ ಬಾಗಿಲಲ್ಲೇ ಬಂದು ತಬ್ಬಿತು.
ಇಲ್ಲೂ ಈಗಷ್ಟೇ ಶುರು:
ಪಕ್ಕದ ಲವೀನಾ ಬಾಯಿಯ ಕುಸ್ವಾರಿನ ಗಡಿಬಿಡಿ,
ಕೊಕ್ಕಿಸಾಂ ಅಚ್ಚನ್ನು ಬಾಣಲೆಯ ಅಂಚಿಗೆ ಕುಟ್ಟುವ ಸದ್ದು,
ಅಚ್ಚು ಕಳಚಿದ ಹಿಟ್ಟು ತನ್ನಷ್ಟಕ್ಕೆ ತೇಲುವ ಪರಿಮಳ.
ನಾನಿಲ್ಲದ ಹತ್ತು ದಿನದಲ್ಲಿ ತೆಂಗಿನಕಾಯಿ ಬಿದ್ದು
ನನ್ನ ಮಂಚದ ಮೇಲಿನ ಹಂಚು ಹೋಗಿತ್ತು.
ತನಿಯಪ್ಪಣ್ಣ ಮಾಡಿಗೆ ಹತ್ತಿ ಚೂರು ಇಳಿಸಿಕೊಟ್ಟ:
"ಈ ಮಾಲು ಈಗ ಬರುವುದಿಲ್ಲ ಅಕ್ಕ, ಶೀಟು ಹಾಕಿಸಿ."

ಒಡೆದ ಅಂಚು ಇನ್ನೂ ಹಸಿ ಗಾಯದಷ್ಟು ಕೆಂಪು.
ನಾಲಗೆಗೆ ಮುಟ್ಟಿಸಿದೆ, ಚಿಕ್ಕಂದಿನ ಕೆಟ್ಟ ಚಾಳಿ;
ಬಾಯಾರಿದ ಕರುವಿನ ಹಾಗೆ ಅಂಟಿಕೊಂಡಿತು.
ರೈನ್ ಅಲ್ಲ. ಹೊಳೆಬದಿಯ ಜೇಡಿ.
ಇದನ್ನು ಅಗೆದವಳು, ಹೊತ್ತವಳು, ತುಳಿದವಳು
ಹೆಸರು ಒತ್ತುವ ಹೊತ್ತಿಗೆ
ಇನ್ನೊಂದು ಬುಟ್ಟಿ ತರಲು ಹೋಗಿದ್ದಿರಬೇಕು.

ಶೀಟು ನಾಳೆ ನೋಡುವ ಎಂದೆ, ಮಳೆಯೇನೂ ಇಲ್ಲವಲ್ಲ.
ರಾತ್ರಿ ದೀಪ ಆರಿಸಿ ಅಂಗಾತ ಮಲಗಿದೆ.
ಲವೀನಾ ಬಾಯಿಯ ಮಾವಿನ ಮರದ ನಕ್ಷತ್ರ
ಒಮ್ಮೆ ಕೆಂಪಗೆ, ಒಮ್ಮೆ ಹಸಿರಾಗಿ
ಆ ತೂತಿನಿಂದ ಒಳಗೆ ಇಣುಕುತ್ತಿತ್ತು.
ಆ ಬೆಳಕಿಗೆ ಎಡದಿಂದ ಓದತೊಡಗಿದೆ:
ಬಾಸೆಲ್, ಬಾಸೆಲ್, ಬಾಸೆಲ್,
ತೂತು ಬಂದಲ್ಲಿ, ಮಿರ್ಯಾಮ,
ಮತ್ತೆ ಬಾಸೆಲ್.

ಸಾಲು ಮುಗಿಯುವ ಮೊದಲೇ ನಿದ್ದೆ ಬಂದಿರಬೇಕು.
ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ.
ಹಪ್ಪಳ ಅರ್ಧ ಹಾಗೆಯೇ ವಾಪಸು ಬಂದಿದೆ.