ನೀಲಿಯ ಲೆಕ್ಕ

ನಾನು ಬರೆದವನಲ್ಲ, ಅರೆದವನು.
ಕಿಯೊಜ್ಜಾದ ಕಾಲುವೆಯ ಬದಿ, ಬಲೆಗಳ ಉಗ್ರಾಣದ ಮಹಡಿಯಲ್ಲಿ
ಮೇಸ್ತ್ರಿ ಓರ್ಸೊಲೊ ಆ ದೊಡ್ಡ ಬಟ್ಟೆ ಬಿಗಿದ ವರ್ಷ
ನನಗೆ ಹದಿನೇಳು.
ಆಗಿನ್ನೂ ಅಂಗೈಯಲ್ಲಿ ಗೆರೆಗಳಿದ್ದವು.

ಬೆಸ್ತರ ಸಂಘ ಕೇಳಿದ್ದು ಇಷ್ಟು:
ನಡುವೆ ಕ್ರಿಸ್ತ, ಸುತ್ತ ನಾಲ್ವರು ಹುತಾತ್ಮರು.
ರಕ್ತ ಬೇಡ, ಮಕ್ಕಳು ಮರಿ ಬರುವ ಜಾಗ.
ನೋವನ್ನು ಕೈಯಲ್ಲಿ ಹಿಡಿದುಕೊಳ್ಳಲಿ, ಮೈಮೇಲೆ ಬೇಡ.

ಬಾರ್ತೊಲೊಮಿಯೊ ಸಂತನಾಗಿ ನಿಂತವನು
ಹಾವುಮೀನು ಸುಲಿಯುವ ಮೊಮೊಲೊ.
ಸುಲಿದ ತನ್ನದೇ ತೊಗಲನ್ನು ತೋಳಿಗೆ ಹಾಕಿಕೊಂಡಿರಬೇಕು ಆ ಸಂತ;
ಅದಕ್ಕೊಂದು ಹಳೆಯ ಅಂಗಿ ಕೊಟ್ಟೆವು.
ಮೂರು ದಿನ ಸುಮ್ಮನೆ ನಿಂತ. ನಾಲ್ಕನೆಯ ದಿನ ಅಂದ:
"ಮೇಸ್ತ್ರಿ, ನಿನ್ನೆ ಕತ್ತಿ ಹಾಕುವಾಗ
ಮೀನು ತಿರುಗಿ ನೋಡಿತು."

ಲೊರೆಂಜೊಗೆ, ಬೂತಾಯಿ ಸುಡುವ ಬೆಪಿ.
ಕಬ್ಬಿಣದ ಜಾಲರಿಯೂ ಅವನದೇ.
ಎಷ್ಟು ಬೂದಿ ಹಾಕಿ ತಿಕ್ಕಿದರೂ ಜಿಡ್ಡು ಹೋಗದೆ
ಓಣಿಯ ಬೆಕ್ಕುಗಳೆಲ್ಲ ಮೆಟ್ಟಿಲೇರಿ ಬಂದು
ಸಂತನ ಪಾದದ ಬಳಿ ಕೂತವು.

ಲೂಚಿಯಾಗೆ, ಲೇಸು ಹೆಣೆದು ಹೆಣೆದು ಕಣ್ಣು ಮಂಜಾದ ಮುದುಕಿ.
ತಟ್ಟೆಯಲ್ಲಿ ಕಣ್ಣಿನ ಬದಲು ಎರಡು ಗಾಜಿನ ಗೋಲಿ ಇಟ್ಟೆವು.
ಮುಟ್ಟಿ ನೋಡಿ ಕೇಳಿದಳು:
"ಇವಕ್ಕೆ ಕಾಣಿಸುತ್ತದೆಯೆ?"

ಅಗಾತಾಗೆ ಯಾರೂ ಒಪ್ಪಲಿಲ್ಲ.
ಕೊನೆಗೆ ಬಂದವಳು ಮೊಲೆಯೂಡುವ ದಾದಿ ಕತೀನಾ,
ಊರಿನ ಅರ್ಧ ಜನ ಅವಳ ಹಾಲಿನ ಋಣದವರು.
ಕೆಳಗೆ ದೋಣಿಯಲ್ಲಿ ಯಾರದೋ ಕೂಸು ಅತ್ತಿತು,
ನಿಂತಲ್ಲೇ ಅವಳ ಕುಪ್ಪಸ ನೆನೆಯಿತು.
ಮೇಸ್ತ್ರಿ ಕುಂಚ ಕೆಳಗಿಟ್ಟರು.
ಅವತ್ತು ಕೆಲಸವಿಲ್ಲ.

ಈಗ ನನ್ನ ಮಾತು.

ಕ್ರಿಸ್ತನ ನಿಲುವಂಗಿಗೆಂದು ಸಂಘ ಕೊಟ್ಟಿತ್ತು
ಸಮುದ್ರದಾಚೆಯ ಕಲ್ಲಿನ ನೀಲಿ, ಹೆಬ್ಬೆರಳಷ್ಟು ಪೊಟ್ಟಣ,
ಚಿನ್ನದ ತಕ್ಕಡಿಯಲ್ಲಿ ತೂಗಿ, ಸಹಿ ಹಾಕಿಸಿಕೊಂಡು.
ಆ ವಾರವೇ ನನ್ನ ತಂಗಿ ಪಾಸ್ಕ್ವಾಗೆ ಜೌಗಿನ ಜ್ವರ.
ವೈದ್ಯ ಹೇಳಿದ ತೊಗಟೆಯ ಪುಡಿಗೂ
ಅದೇ ತಕ್ಕಡಿ, ಅದೇ ತೂಕ.
ಕಲ್ಲು ಕೊಟ್ಟೆ, ತೊಗಟೆ ತಂದೆ.
ಅರೆದದ್ದು ಬರ್ಲಿನ್ನಿನ ಅಗ್ಗದ ನೀಲಿ,
ಅಗಸೆ ಎಣ್ಣೆ ಹೊಯ್ದು, ಮತ್ತೆ ಹೊಯ್ದು, ಬೆಳಗಿನ ತನಕ,
ಕೆಳಗಿನ ಕಲ್ಲಿಗೂ ಕೇಳಿಸದ ಹಾಗೆ.

ತಂಗಿ ಬದುಕಿದಳು. ಒಂಬತ್ತು ಹೆತ್ತಳು.
ಅಪ್ಪನ ದೋಣಿಯ ಪಾಲಿಗಾಗಿ ಜಗಳ ತೆಗೆದು
ನನ್ನೊಡನೆ ಮಾತು ಬಿಟ್ಟಳು.

ಮೇಸ್ತ್ರಿಗೆ ಗೊತ್ತಾಯಿತೋ ಏನೋ.
ಕುಂಚದ ತುದಿಯಲ್ಲಿ ನೀಲಿ ಎತ್ತಿ, ಬೆಳಕಿಗೆ ಹಿಡಿದು, ಮೂಸಿ,
"ಚೆನ್ನಾಗಿ ಅರೆದಿದ್ದೀಯ" ಅಂದರು.
ಆಮೇಲೆ ಕ್ರಿಸ್ತನ ಕಣ್ಣು ಬರೆದರು.
ಅವು ಸಂತರನ್ನು ಬಿಟ್ಟು, ಮುಗಿಲನ್ನು ಬಿಟ್ಟು
ಕೆಳಗೆ ಎಡಕ್ಕೆ ನೋಡುತ್ತವೆ,
ನಾನು ಕೂತು ಅರೆಯುತ್ತಿದ್ದ ಮೂಲೆಗೆ.

ನಲವತ್ತೊಂದು ವರ್ಷವಾಯಿತು.
ಬಿಳಿ ಬೆರೆಸಿದಲ್ಲೆಲ್ಲ ನೀಲಿ ಸೋತು ಹಸಿರಿಗೆ ತಿರುಗಿದೆ:
ಚಳಿಗಾಲದ ಹಿನ್ನೀರಿನ ಬಣ್ಣ, ಪಾಚಿ ಹಿಡಿದ ಕಂಬದ ಬಣ್ಣ.
ಹೆಂಗಸರು ಅನ್ನುತ್ತಾರೆ,
ನೋಡಿ, ಸ್ವಾಮಿ ನಮ್ಮ ನೀರನ್ನೇ ಉಟ್ಟುಕೊಂಡ.
ಪಾದ್ರಿಯೂ ಪ್ರವಚನದಲ್ಲಿ ಅದನ್ನೇ ಹೇಳಿದ.
ಗಂಡ ಮುಳುಗಿಹೋದವಳೊಬ್ಬಳು ದಿನವೂ
ಆ ನಿಲುವಂಗಿಯ ಅಂಚಿನೆದುರು ಮೇಣದಬತ್ತಿ ಹಚ್ಚುತ್ತಾಳೆ.
ಅವನು ಅಲ್ಲೇ ಇದ್ದಾನಂತೆ, ಮಡಿಕೆಯೊಳಗೆಲ್ಲೋ.

ಅವಳಿಗೆ ಹೇಗೆ ಹೇಳಲಿ?

ತಪ್ಪೊಪ್ಪಿಗೆಯ ಗೂಡಿಗೆ ಮೂರು ಸಲ ಹೋದೆ.
ಮೂರು ಸಲವೂ ಬೇರೆ ಪಾಪ ಹೇಳಿ ಬಂದೆ;
ಅವೂ ನನ್ನವೇ.

ಚಿತ್ರದಲ್ಲಿ ಎಲ್ಲರ ಕೈಯಲ್ಲೂ ಏನೋ ಒಂದಿದೆ.
ಕತ್ತಿ. ಜಾಲರಿ. ತಟ್ಟೆ. ಇನ್ನೊಂದು ತಟ್ಟೆ.
ಅರೆದು ಅರೆದು ನುಣ್ಣಗಾದ ನನ್ನ ಅಂಗೈಯನ್ನು
ಊರಿಗೆ ಬಂದ ಕೈ ನೋಡುವವಳು ಮಡಚಿ ಹಿಂದಕ್ಕೆ ಕೊಟ್ಟಳು,
ದುಡ್ಡನ್ನೂ.

ಇವತ್ತು ಪೂಜೆ ಮುಗಿದು ಜನ ಕರಗಿದ ಮೇಲೆ
ಎಡಗಡೆಯ ಮೂಲೆಗೆ ಹೋಗಿ ನಿಂತೆ.
ನೋಡಿದ.
ಟೋಪಿ ತೆಗೆದೆ, ಹಾಕಿಕೊಂಡೆ,
ಮೀನು ಮುಗಿದುಹೋದೀತೆಂದು
ಕಟ್ಟೆಯ ಕಡೆಗೆ ನಡೆದೆ.