ಗರ್ಗೂರ್

ನಾಲ್ಕಡಿ ಗಾಜು, ಒಳಗೊಂದು ಕಡಲು.
ಮುಹರ್ರಕ್‌ನ ಗಲ್ಲಿ, ಎರಡನೇ ಮಾಳಿಗೆ.
ಆಗಸ್ಟ್‌ನಲ್ಲಿ ನಲ್ಲಿ ನೀರಿಗೇ ಚಾಪುಡಿ ಹಾಕಬಹುದು ಇಲ್ಲಿ;
ಗಾಜಿನೊಳಗೆ ಮಾತ್ರ ಇಪ್ಪತ್ತೈದೂವರೆ ಡಿಗ್ರಿ.
ಒಂದು ಏರಿದರೆ ಜ್ವರ ಬರುವುದು ನನಗೆ.

ಗಂಗೊಳ್ಳಿಯಿಂದ ಚಿಕ್ಕಮ್ಮ ಫೋನಿನಲ್ಲಿ ನಗುತ್ತಾಳೆ:
"ಮೀನಿಗ್ ಹೆಸ್ರಾ? ನಾವ್ ಮೀನಿಗ್ ಹಾಕೂದ್
ಮೆಣ್ಸಿನ್ಹುಡಿ ಮಾತ್ರ ಮರಾಯಾ!"

ಹೌದು, ಹೆಸರಿಟ್ಟಿದ್ದೇನೆ.
ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟಿ ಸುತ್ತಿಕೊಂಡ
ದೊಡ್ಡವಳು ಯಜಮಾನ್ತಿ;
ಅವಳ ಅರ್ಧವೂ ಇಲ್ಲದ ಗಂಡ, ಮನೆಯಳಿಯ.

ಅವಳ ಅನಿಮೋನ್ ಕಳೆದ ಚಳಿಗಾಲ
ಪಂಪಿನ ಬಾಯಿಗೆ ಸಿಕ್ಕಿ ಚೂರಾಯಿತು.
ಮೂರು ದಿನ ನೀರು ಬದಲಿಸಿದೆ, ವಾಸನೆ ಹೋಯಿತು.
ನಾಲ್ಕನೇ ದಿನ ಅವಳು
ನನ್ನ ಟಾರ್ಚ್ ಹವಳದ ತಲೆಗೂದಲೊಳಗೆ
ಬೆನ್ನು ತೂರಿಸಿ ಮಲಗಿದ್ದಳು.

ಅಲ್ಲಿಂದ ಶುರು.
ಹೊರಳುವುದು, ಉಜ್ಜುವುದು, ತಿನ್ನಲು ಕೊಟ್ಟ ಸೀಗಡಿ ಚೂರನ್ನು
ತಂದು ಅದರ ಬಾಯಿಗೆ ತುರುಕುವುದು,
ಬೇಡವೆಂದು ಅದು ಉಗುಳಿದರೆ ಮತ್ತೆ ತುರುಕುವುದು.
ಹಸಿರು ತುದಿಯ ಬೆರಳುಗಳೆಲ್ಲ
ದಿನಕ್ಕಿಷ್ಟು ಒಳಗೆಳೆದುಕೊಂಡು
ಕೊನೆಗೆ ಉಳಿದದ್ದು ಬಿಳಿ ಸುಣ್ಣದ ಅಂಚು,
ಮುಷ್ಟಿ ಬಿಗಿದ ಹಾಗೆ.

ಹವಳವನ್ನು ಆ ಮೂಲೆಗಿಟ್ಟೆ; ಸಂಜೆಯೊಳಗೆ ಅವಳೂ ಆ ಮೂಲೆ.
ಮಣ್ಣಿನ ಕುಡಿಕೆಯೊಂದನ್ನು ಮಲಗಿಸಿಟ್ಟೆ,
ಅದರಲ್ಲಿ ಮನೆಯಳಿಯ ಒಬ್ಬನೇ ರಾತ್ರಿ ಕಳೆದ.
ಕೈ ಹಾಕಿ ಓಡಿಸಿದೆ, ಬೆರಳು ಕಚ್ಚಿದಳು.
ಮನಾಮದ ಅಂಗಡಿಯ ಶಿಹಾಬ್ ಹೇಳಿದ,
"ಹೊಸ ಅನಿಮೋನ್ ತಗೋ ಭಾಯ್, ನಲವತ್ತು ದಿನಾರ್."
ಊರಿನ ಲೆಕ್ಕ ಹಾಕಿದೆ,
ಹಾಕಬಾರದಿತ್ತು.

ತಿಂಗಳು ತುಂಬದ ಮಕ್ಕಳ ವಾರ್ಡಿನಿಂದ
ಬೆಳಿಗ್ಗೆ ಮರಳಿದ ವನಜಾಕ್ಷಿ
ಚೀಲ ಇಳಿಸದೆಯೇ ಗಾಜಿಗೆ ಹಣೆ ಹಚ್ಚಿ ಅಂದಳು:
"ಪಾಪ, ಸಿಟ್ಟಿಲ್ಲ ಅವಳಿಗೆ. ಸಿಟ್ಟಿದ್ದರೆ ಬಿಡಿಸಬಹುದಿತ್ತು."

ಬಾಡಿಗೆಗೆಂದು ಬಂದ ಬೂ ರಾಶಿದ್,
ಮೊಣಕಾಲು ಹಿಡಿದು ಮೆಟ್ಟಿಲೇರಿ, ಉಸಿರು ಕೂಡಿಸಿಕೊಂಡು,
ಎಣಿಸಿದ ನೋಟು ಎಣಿಸದೆ ಜೇಬಿಗಿಳಿಸಿ
ತುಂಬ ಹೊತ್ತು ನೋಡುತ್ತ ನಿಂತ.
"ಇವಳು ಬಾಡಿಗೆ ಕೊಡುವುದಿಲ್ಲವೋ?"
ಅವನ ಅಜ್ಜ ಮೂಗಿಗೆ ಕೊಕ್ಕೆ ಸಿಕ್ಕಿಸಿ
ಮುತ್ತಿಗೆ ಮುಳುಗಿದವ;
ಇವನು ಗರ್ಗೂರ್ ಹೆಣೆದವ,
ಗುಮ್ಮಟದಂಥ ತಂತಿಯ ಬಲೆ,
ಒಳಹೋದ ಮೀನಿಗೆ ಹೊರದಾರಿ ಮರೆಯುವ ಹಾಗೆ.

ಮರುವಾರ ತಂದ, ಅಂಗೈಯಗಲದ ಒಂದನ್ನು.
ತಂತಿ ನೀರಿಗೆ ವಿಷ ಅಂದಿದ್ದೆ ನಾನು;
ಗಾಳದ ನೈಲಾನು, ಪ್ಲಾಸ್ಟಿಕ್ ಜಾಲರಿ.
ಬಾಯಿಯನ್ನೇ ಇಟ್ಟಿರಲಿಲ್ಲ ಅದಕ್ಕೆ.
"ಅರವತ್ತು ವರ್ಷ ಮೀನು ಒಳಗಿರಲೆಂದು ಹೆಣೆದೆ,
ಹೊರಗಿರಲೆಂದು ಇದೊಂದೇ," ಎಂದು
ಕೆಮ್ಮುತ್ತ ನಕ್ಕ.

ಹವಳದ ಮೇಲೆ ಬೋರಲು ಹಾಕಿದೆವು.
ಅವಳು ಸುತ್ತಿದಳು. ತಲೆಯಿಂದ ಗುದ್ದಿದಳು.
ಮರಳು ಬಗೆದು ಬುಡಕ್ಕೆ ಸುರಂಗ ತೋಡಿದಳು,
ಅದಕ್ಕೊಂದು ಕಲ್ಲಿಟ್ಟೆ.
ರಾತ್ರಿ ಪಾಳಿ ಮುಗಿಸಿ,
ಸ್ಮೆಲ್ಟರಿನ ಬಿಸಿ ಇನ್ನೂ ಕಿವಿಯಲ್ಲಿರುವಾಗ
ನೀಲಿ ದೀಪದಡಿ ನೋಡಿದರೆ
ಜಾಲರಿಗೆ ಒರಗಿ ನಿದ್ದೆ ಹೋಗಿರುತ್ತಿದ್ದಳು,
ತುಸು ದೂರದಲ್ಲಿ ಅವನು.

ಹನ್ನೆರಡನೇ ದಿನಕ್ಕೆ ಮುಷ್ಟಿ ಬಿಚ್ಚಿತು.
ಹದಿನೇಳಕ್ಕೆ ಗುಮ್ಮಟ ತುಂಬ ಹಸಿರು.
ಇನ್ನೊಂದು ವಾರ, ಆಮೇಲೆ ತೆಗೆಯೋಣ ಅಂದುಕೊಂಡೆ,
ಅಂದುಕೊಂಡದ್ದು ಈದ್‌ಗೆ ಹೋಯಿತು.

ನಿನ್ನೆ ವನಜಾಕ್ಷಿ ಕರೆದಳು, ಸದ್ದು ಮಾಡದೆ ಬಾ ಎಂದು.
ಜಾಲರಿಯ ಒಂದೊಂದು ಕಣ್ಣಿನಿಂದಲೂ
ಹವಳ ಒಂದೊಂದು ಬೆರಳು ಹೊರಗಿಟ್ಟಿದೆ.
ಯಜಮಾನ್ತಿ ಮೆಲ್ಲಗೆ ಬಂದು
ಒಂದಕ್ಕೆ, ಒಂದೇ ಒಂದಕ್ಕೆ, ಕೆನ್ನೆ ತಾಗಿಸಿ
ಹಿಂದೆ ಸರಿದು
ಕಾಯುತ್ತಿದ್ದಾಳೆ.